ನುಂಗಿದ ಸಾಲು

ನಮ್ಮ ಮನೆಯಲ್ಲಿ ಆ ಗಾಯಕನಿಗಿದ್ದ ಹೆಸರು ಶೀತದವನು. ಹೆಸರಿಟ್ಟವರು ಅಪ್ಪ. ಲೋಕಕ್ಕೆ ಅವನು ದೊಡ್ಡ ರಾಕ್ ಹಾಡುಗಾರ. ಅವನ ಒಂದೊಂದು ಆಲ್ಬಮ್ಮಿನ ಮೇಲೂ ಪುಟಗಟ್ಟಲೆ ಬರೆದವರಿದ್ದಾರೆ, ಅವನ ಮುಖವನ್ನು ಟೀ ಶರ್ಟಿನ ಮೇಲೆ ಅಚ್ಚು ಹಾಕಿ ಮಾರುವವರಿದ್ದಾರೆ. ಚಿಂತಾಮಣಿಯ ನಮ್ಮ ಬಾಡಿಗೆ ಮನೆಯಲ್ಲಿ ಮಾತ್ರ ಅವನು ಗಂಟಲು ಕಟ್ಟಿಕೊಂಡು ಹಾಡುವ ಪಾಪದ ಮನುಷ್ಯ. ಅಪ್ಪ ಹೈಸ್ಕೂಲಿನಲ್ಲಿ ಪಾಠ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಆ ಶೀತದವನು ಇವತ್ತೂ ಬಂದವ್ನಾ? ಒಂದು ಲೋಟ ಮೆಣಸಿನ ಕಷಾಯ ಆದ್ರೂ ಕೊಡ್ರಪ್ಪ ಅವನಿಗೆ" ಎನ್ನುತ್ತಿದ್ದರು.

ಅವನು ನಮ್ಮ ಮನೆ ಹೊಕ್ಕದ್ದು ದೇವರನಾಮದ ಬೆನ್ನು ಹಿಡಿದು. ಅಪ್ಪ ಬಜಾರಿನ ಕ್ಯಾಸೆಟ್ ಅಂಗಡಿಗೆ ಖಾಲಿ ಕ್ಯಾಸೆಟ್ ಕೊಟ್ಟು ದೇವರನಾಮ ತುಂಬಿಸಿಕೊಂಡು ಬಂದಿದ್ದರು. ಆಗ ಹಾಡು ತರುವುದೆಂದರೆ ಹಾಗೆಯೇ, ಎಣ್ಣೆಗೆ ಸೀಸೆ ತೆಗೆದುಕೊಂಡು ಹೋದಂತೆ. ಆ ಅಂಗಡಿಯವನಿಗೆ ಒಂದು ನೇಮವಿತ್ತು. ಕ್ಯಾಸೆಟ್ಟಿನಲ್ಲಿ ಜಾಗ ಮಿಕ್ಕರೆ ಖಾಲಿ ಬಿಡುತ್ತಿರಲಿಲ್ಲ. "ಖಾಲಿ ಬಿಟ್ರೆ ಗಿರಾಕಿಗೆ ಮೋಸ ಮಾಡ್ದಂಗಮ್ಮ" ಎಂದು ತೆಲುಗು ಸಿನಿಮಾ ಹಾಡೋ, ಹರಿಕಥೆಯ ತುಂಡೋ, ಕೈಗೆ ಸಿಕ್ಕಿದ್ದನ್ನು ತುಂಬಿ ಕೊಡುತ್ತಿದ್ದ. ಅಪ್ಪನ ಕ್ಯಾಸೆಟ್ಟಿನಲ್ಲಿ ಮಂಗಳ ಮುಗಿಯುತ್ತಿದ್ದ ಹಾಗೆ ಗಿಟಾರು ಬಾರಿಸಿಕೊಂಡು ಶೀತದವನು ಬಂದ. ದೇವರ ಮುಂದೆ ದೀಪ ಹಚ್ಚುತ್ತಿದ್ದ ಅಮ್ಮ ತಿರುಗಿ ನೋಡಿದಳು. ಅಪ್ಪ ಟೇಪ್ ರೆಕಾರ್ಡರಿನ ಗುಂಡಿ ಒತ್ತಿ ನಿಲ್ಲಿಸಿದರು. ಅವರಿಬ್ಬರೂ ಮನೆಯಲ್ಲಿಲ್ಲದಾಗ ಅಣ್ಣ ಮತ್ತೆ ಹಾಕಿದ. ನನಗಾಗಲಿ ಅಣ್ಣನಿಗಾಗಲಿ ಇಂಗ್ಲಿಷು ಅರ್ಧಂಬರ್ಧ. ಆದರೂ ಆ ದನಿಯಲ್ಲಿ ನಮ್ಮ ಮನೆಯಲ್ಲಿ ಯಾರೂ ಆಡದ ಮಾತೊಂದಿದೆ ಎನ್ನುವುದು ಗೊತ್ತಾಗುತ್ತಿತ್ತು. ಅಲ್ಲಿಂದ ಮುಂದೆ ನಮಗೆ ಸಿಕ್ಕ ಖಾಲಿ ಕ್ಯಾಸೆಟ್ಟುಗಳೆಲ್ಲ ಅವನ ಪಾಲಾದವು.

ಯುಗಾದಿಯ ಮರುದಿನ ವರ್ಷತೊಡಕು. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಅದಕ್ಕೇ ಅವತ್ತು ಮಕ್ಕಳಿಗೆ ಹೊಡೆಯುವುದಿಲ್ಲ, ಯಾರೂ ಅಳುವ ಹಾಗಿಲ್ಲ, ಚೆನ್ನಾಗಿ ಉಣ್ಣಬೇಕು. ಬಾಡೂಟ ಮುಗಿಸಿ ದೊಡ್ಡವರೆಲ್ಲ ಪಡಸಾಲೆಯಲ್ಲಿ ಇಸ್ಪೀಟಿಗೆ ಕೂತರೆ, ನಾನೂ ಅಣ್ಣನೂ ಹಿಂದಿನ ಕೋಣೆಯಲ್ಲಿ ಶೀತದವನ ಕ್ಯಾಸೆಟ್ಟುಗಳನ್ನು ಚಾಪೆಯ ಮೇಲೆ ಹರಡಿಕೊಳ್ಳುತ್ತಿದ್ದೆವು. ಯಾವುದು ಎಲ್ಲಕ್ಕಿಂತ ಮೇಲು, ಯಾವುದು ಅದರ ಕೆಳಗೆ, ಯಾವುದು ತೀರಾ ಕೊನೆಗೆ ಎಂದು ಅವನ್ನು ಸಾಲಾಗಿ ಇಡುವುದು ನಮ್ಮ ವರ್ಷತೊಡಕು. ಜಗಳವಿಲ್ಲದೆ ಆ ಸಾಲು ಎಂದೂ ಮುಗಿದದ್ದಿಲ್ಲ. ಅಮ್ಮ ಬಾಗಿಲಿಗೆ ಬಂದು, "ಇವತ್ತು ಜಗಳ ಆಡಿದ್ರೆ ವರ್ಷವೆಲ್ಲ ಆಡ್ತೀರ ಕಣ್ರೋ" ಎನ್ನುತ್ತಿದ್ದಳು. ಅವಳ ಮಾತು ಸುಳ್ಳಾಗಲಿಲ್ಲ, ವರ್ಷವೆಲ್ಲ ಆಡುತ್ತಿದ್ದೆವು.

ನಮ್ಮವು ನಕಲು ಕ್ಯಾಸೆಟ್ಟುಗಳು. ಹೊದಿಕೆಯ ಚಿತ್ರವಿಲ್ಲ. ಅಂಗಡಿಯವನು ಆಲ್ಬಮ್ಮಿನ ಹೆಸರನ್ನು ತನಗೆ ತಿಳಿದಂತೆ ತೆಲುಗಿನಲ್ಲಿ ಸ್ಕೆಚ್ ಪೆನ್ನಿನಿಂದ ಬರೆದು ಕೊಡುತ್ತಿದ್ದ, ಅದೂ ನಾಲ್ಕು ದಿನಕ್ಕೆ ಬೆರಳಿಗೆ ಅಂಟಿ ಹೋಗುತ್ತಿತ್ತು. ಹಾಗಾಗಿ ನಾವೇ ಹೆಸರಿಟ್ಟುಕೊಂಡಿದ್ದೆವು. ಒಂದು 'ಕೋಪದ್ದು'. ಒಂದು 'ಹೆಂಡ್ತಿ ಬಿಟ್ಟುಹೋದದ್ದು', ಅದರಲ್ಲಿ ಅವನು ಹಾಡಿನ ನಡುವೆ ಮೂಗು ಸೇದುತ್ತಾನೆ. ಇನ್ನೊಂದು 'ಡಬ್ಬ'. ಅದರಲ್ಲಿ ಜೊತೆಗಾರರೇ ಇಲ್ಲ, ತಾಳಕ್ಕೂ ಯಂತ್ರ, ತಗಡಿನ ಡಬ್ಬ ಬಡಿದಂಥ ಸದ್ದು. ಅದು ಯಾವಾಗಲೂ ಕೊನೆಯದು. ಅದರ ಬಗ್ಗೆ ಮಾತ್ರ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ.

ಮೊದಲನೆಯದು 'ನುಂಗಿದ್ದು'. ಅದರ ಮೊದಲ ಬದಿಯಲ್ಲಿ ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು, ಊರಿಗೆ ಬೆಂಕಿ ಹಚ್ಚಲು ಹೊರಟವನ ಕೂಗು. ಕ್ಯಾಸೆಟ್ ತಿರುಗಿಸಿ ಹಾಕಿದರೆ ಮನುಷ್ಯನೇ ಬೇರೆ. ಒಂದು ಗಿಟಾರು, ಒಂದು ಮೌತ್ ಆರ್ಗನ್ನು, ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೆ ಎನ್ನುವಷ್ಟು ಮೆತ್ತಗಿನ ದನಿ. ಅಷ್ಟು ಕೂಗಿದವನು ಹೀಗೆ ತಣ್ಣಗಾದದ್ದು ಹೇಗೆ ಎಂದು ನಾನು ಕೇಳಿದರೆ ಅಣ್ಣ, "ಕೂಗಿ ಕೂಗಿ ಸುಸ್ತಾಗಿ ಮನೆಗೆ ಬಂದವ್ನೆ ಕಣೇ" ಎನ್ನುತ್ತಿದ್ದ. ಆ ಬದಿಯ ನಡುವೆ ಒಂದು ಹಾಡಿದೆ. ಅದರ ಕೊನೆಯ ಚರಣದಲ್ಲಿ ಅವನು ಒಂದು ಸಾಲನ್ನು ಅರ್ಧ ಹಾಡಿ ಥಟ್ಟನೆ ನಿಲ್ಲಿಸುತ್ತಾನೆ. ಗಿಟಾರೂ ನಿಲ್ಲುತ್ತದೆ. ಒಂದು ಉಸಿರಿನಷ್ಟು ಮೌನ. ಆಮೇಲೆ ಅದೇ ಸಾಲನ್ನು ಮೊದಲಿಂದ ಎತ್ತಿಕೊಂಡು ಪೂರ್ತಿ ಹಾಡುತ್ತಾನೆ. ಹೇಳಲಾಗದೆ ನುಂಗಿಕೊಂಡು, ಮನಸ್ಸು ಗಟ್ಟಿ ಮಾಡಿಕೊಂಡು ಮತ್ತೆ ಹೇಳಿದ ಹಾಗೆ. ಆ ಜಾಗ ಬಂದಾಗ ಅಣ್ಣ ಕೈ ಎತ್ತಿ ನನ್ನನ್ನು ಸುಮ್ಮನಿರಿಸುತ್ತಿದ್ದ, ನಾನು ಮಾತಾಡದೆ ಕೂತಿದ್ದರೂ. "ಇಂಥದ್ದು ಇನ್ಯಾರಿಗೆ ಬರ್ತದೆ ಹೇಳು? ಹಾಡಿದ್ದಕ್ಕಲ್ಲ, ನುಂಗಿದ್ದಕ್ಕೆ ಮಾರ್ಕ್ಸು" ಎನ್ನುತ್ತಿದ್ದ.

ಮುಂದೆ ಅಣ್ಣನಿಗೆ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮಾಲೀಕರ ಜೊತೆ ಗೂಡಿನ ಮಾರುಕಟ್ಟೆಗೂ ಹೋಗಿ ಬರುತ್ತಿದ್ದ. ಅಲ್ಲಿ ರೇಷ್ಮೆಗೂಡು ಕೊಳ್ಳುವವರು ರಾಶಿಯ ಮೇಲಿನ ಗೂಡು ನೋಡಿ ಬೆಲೆ ಕಟ್ಟುವುದಿಲ್ಲ. ಕೈ ಇಳಿಸಿ ಅಡಿಯಿಂದ ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಆಡಿಸಿ, ಒಳಗಿನ ಹುಳು ಗಿಲಕಿಯಂತೆ ಅಲ್ಲಾಡುತ್ತದೆಯೇ ಎಂದು ಕೇಳಿಸಿಕೊಳ್ಳುತ್ತಾರೆ. ಅಣ್ಣ ಈ ಕ್ರಮವನ್ನು ನೇರವಾಗಿ ಶೀತದವನ ಮೇಲೆ ಪ್ರಯೋಗಿಸಿದ. ಆಲ್ಬಮ್ಮಿನ ಮೊದಲ ಹಾಡಿಗೆ ಮಾರ್ಕ್ಸಿಲ್ಲ, ಅದು ಮಾರುವುದಕ್ಕೆ ಮೇಲಿಟ್ಟದ್ದು. ಎರಡನೆಯ ಬದಿಯ ನಡುವೆ ಕೈ ಹಾಕಬೇಕು. 'ಕೋಪದ್ದು' ಆ ವರ್ಷ ದಡಬಡ ಕೆಳಗಿಳಿಯಿತು. 'ನುಂಗಿದ್ದು' ಅಲುಗಲಿಲ್ಲ. ಅದರ ಜೀವವೇ ಅಡಿಯಲ್ಲಿತ್ತು.

ಕೆಲವು ವರ್ಷಗಳಲ್ಲಿ ಆ ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರು ನುಂಗಿತು. ಒಳಗಿನ ಟೇಪು ರೋಲರಿಗೆ ಸುತ್ತಿಕೊಂಡು ಚೂರುಚೂರಾಯಿತು. ಒಂದೊಂದಾಗಿ ಉಳಿದವೂ ಹೋದವು, ಟೇಪ್ ರೆಕಾರ್ಡರೂ ಹೋಯಿತು, ಅಂಗಡಿ ಮುಚ್ಚಿ ಅಲ್ಲಿ ಬೇಕರಿ ಬಂತು. ಅಪ್ಪ ಅಮ್ಮ ಹೋದರು. ಕೇಳುವುದು ನಿಂತರೂ ಸಾಲು ಕಟ್ಟುವುದು ನಿಲ್ಲಲಿಲ್ಲ. ನಾನು ಗೌರಿಬಿದನೂರಿನಲ್ಲಿ ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆಯಾದೆ, ಮದುವೆ ಅಂತ ಆಗಲಿಲ್ಲ. ವರ್ಷತೊಡಕಿಗೆ ಶಿಡ್ಲಘಟ್ಟಕ್ಕೆ ಹೋಗಿ, ಅಣ್ಣನ ಮನೆಯ ಜಗಲಿಯಲ್ಲಿ ಕೂತು, ಬರೀ ನೆನಪಿನ ಮೇಲೆ ಆ ಆಲ್ಬಮ್ಮುಗಳನ್ನು ಮೇಲೆ ಕೆಳಗೆ ಮಾಡುತ್ತಿದ್ದೆವು. ಅತ್ತಿಗೆಗೆ ಅದು ದೊಡ್ಡ ತಮಾಷೆ. "ಇಲ್ಲದ ಎಮ್ಮೆಗೆ ಎಷ್ಟು ಹಾಲು ಅಂತ ಜಗಳ" ಎನ್ನುತ್ತಿದ್ದರು.

ಆಮೇಲೆ ಅಣ್ಣನ ಕಿವಿ ಹೋಯಿತು. ಕಾರ್ಖಾನೆಯ ಸದ್ದಿನಿಂದಲೇ ಇರಬೇಕು, ದಿನವೆಲ್ಲ ನೂರಾರು ಕದಿರು ಒಟ್ಟಿಗೆ ತಿರುಗುವ ಸದ್ದು ಅದು. ಮೊದಲು ಫೋನು ಕೇಳಿಸಲಿಲ್ಲ, ಆಮೇಲೆ ಬಾಗಿಲು, ಆಮೇಲೆ ಮನುಷ್ಯರು. ಕಿವಿಗೆ ಮಿಷನ್ ಹಾಕಿಕೊಂಡರೆ ಎದುರಿಗೆ ಕೂತವರ ಮಾತು ಅಷ್ಟಿಷ್ಟು ಕೇಳುತ್ತದೆ. ಹಾಡು ಮಾತ್ರ ಕೇಳಿಸುವುದಿಲ್ಲ, ಹಾಡು ಇದ್ದ ಜಾಗದಲ್ಲಿ ಬರೀ ಗದ್ದಲ. "ಇನ್ನು ನನ್ನ ಮುಂದೆ ಹಾಡು ಹಾಕೋದು ಕೋಣನ ಮುಂದೆ ಕಿನ್ನರಿ ಬಾರಿಸ್ದಂಗೆ ಕಣಮ್ಮ" ಎಂದು ನಕ್ಕ. ಅದರ ಮುಂದಿನ ವರ್ಷತೊಡಕಿಗೆ ನಾನು ಸಾಲಿನ ಮಾತೆತ್ತಲಿಲ್ಲ. ಅವನೂ ಎತ್ತಲಿಲ್ಲ. ಅವತ್ತು ಜಗಳವಾಡಲಿಲ್ಲ, ವರ್ಷವೆಲ್ಲ ಆಡಲಿಲ್ಲ.

ಅವನಿಗೆ ಇನ್ನೊಂದು ಅಭ್ಯಾಸ ಬಂತು. ಯಾರು ಏನು ಹೇಳಿದರೂ ಮುಖ ನೋಡಿ, ತಲೆಯಾಡಿಸಿ, "ಹೂಂ, ಹೌದೌದು" ಎನ್ನುವುದು. ಎಲ್ಲರೂ ಅವನು ಎಷ್ಟು ಸಾಧುವಾದ ಎಂದು ಹೊಗಳುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಬಿಸಿಲು ಕಪ್ಪಗಿದೆ ಎಂದರೂ ಹೌದು ಎನ್ನುವ ಅಣ್ಣ ನನಗೆ ಬೇಕಿರಲಿಲ್ಲ. ಲೋಕದಲ್ಲಿ ನನ್ನ ಮಾತಿಗೆ "ತಲೆ ಕೆಟ್ಟಿದೆಯೇನೇ ನಿಂಗೆ" ಎನ್ನುವವನು ಅವನೊಬ್ಬ ಇದ್ದ. ಆಫೀಸಿನಲ್ಲಿ ನನ್ನನ್ನು ಮೇಡಂ ಎನ್ನುತ್ತಾರೆ. ಮನೆಯ ಓನರಮ್ಮ ನಲ್ಲಿ ನೀರು ಬಂದಾಗ ಕೂಗುತ್ತಾರೆ. ಕೆಲವು ಭಾನುವಾರ ಸಂಜೆಯಾದ ಮೇಲೆ, ಇವತ್ತು ನಾನು ಬಾಯೇ ಬಿಟ್ಟಿಲ್ಲವಲ್ಲ ಎಂದು ನೆನಪಾಗುತ್ತದೆ. ಆಗ ಸುಮ್ಮನೆ ಒಮ್ಮೆ ಕೆಮ್ಮುತ್ತೇನೆ, ಗಂಟಲು ಇದೆಯೋ ಇಲ್ಲವೋ ನೋಡಲು. ಅಪ್ಪ ಇದ್ದಿದ್ದರೆ ಕಷಾಯ ಕೊಡಿ ಎನ್ನುತ್ತಿದ್ದರು.

ಹೋದ ವರ್ಷ ಆಫೀಸಿನ ಹುಡುಗಿಯೊಬ್ಬಳು ನನ್ನ ಫೋನಿಗೆ ಹಾಡಿನ ಆಪ್ ಹಾಕಿಕೊಟ್ಟಳು. ಅದರಲ್ಲಿ ಶೀತದವನ ಆಲ್ಬಮ್ಮುಗಳೆಲ್ಲ ಒಟ್ಟಿಗಿದ್ದವು, ಹೊದಿಕೆಯ ಚಿತ್ರದ ಸಮೇತ. ಅವನ ಮುಖವನ್ನು ಸರಿಯಾಗಿ ನೋಡಿದ್ದೇ ಆಗ. ಬಹಳ ದಿನ ಒತ್ತಲಿಲ್ಲ. ಅಣ್ಣನಿಗೆ ಕೇಳದ್ದನ್ನು ನಾನೊಬ್ಬಳೇ ಕೇಳುವುದು ಅವನನ್ನು ಎಬ್ಬಿಸದೆ ಊಟಕ್ಕೆ ಕೂತಂತೆ ಅನ್ನಿಸುತ್ತಿತ್ತು. ಆದರೆ ಒಂಟಿತನಕ್ಕೆ ಎಷ್ಟು ದಿನ ಮರ್ಯಾದೆ ಕೊಡಲಾಗುತ್ತದೆ? ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೊನೆಯಿಂದ ಶುರುಮಾಡಿದೆ. ಅಂದರೆ 'ಡಬ್ಬ'ದಿಂದ.

'ಡಬ್ಬ' ಡಬ್ಬವಾಗಿರಲಿಲ್ಲ. ನಾನು ತೊಗರಿಬೇಳೆ ತೊಳೆಯುತ್ತಿದ್ದೆ, ಅವನು ಹಾಡುತ್ತಿದ್ದ. ಜೊತೆಗಾರರನ್ನೆಲ್ಲ ಕಳಿಸಿಯೋ ಕಳೆದುಕೊಂಡೋ ಒಂದು ಕೋಣೆಯಲ್ಲಿ ಕೂತು, ತಾಳಕ್ಕೆ ಜನವಿಲ್ಲದೆ ಯಂತ್ರ ಹಚ್ಚಿಕೊಂಡವನ ಹಾಡು ಅದು. ಯಂತ್ರ ತಾಳ ತಪ್ಪುವುದಿಲ್ಲ, ಅವನು ನಿಧಾನಿಸಿದರೆ ಕಾಯುವುದೂ ಇಲ್ಲ. ಅವನು ಎರಡು ಕಡೆ ಹಿಂದೆ ಬಿದ್ದು ಓಡಿಬಂದು ಸೇರಿಕೊಳ್ಳುತ್ತಾನೆ. ಹದಿನೆಂಟರಲ್ಲಿ ನನಗೆ ಕೇಳಿಸಿದ್ದು ತಗಡು, ಈಗ ಕೇಳಿಸಿದ್ದು ನನ್ನ ಅಡುಗೆಮನೆ. 'ಮುದುಕಂದು' ಎಂದು ನಾವು ಕರೆಯುತ್ತಿದ್ದ ಕೊನೆಗಾಲದ ಆಲ್ಬಮ್ಮಿಗೆ ನಾವು ಕೊಟ್ಟಿದ್ದ ಮಾರ್ಕ್ಸೆಲ್ಲ ಕರುಣೆಯ ಮಾರ್ಕ್ಸು ಎನ್ನುವುದೂ ತಿಳಿಯಿತು. ಅದರಲ್ಲಿ ಅವನು ತಾನು ಮುದುಕ ಎನ್ನುವುದನ್ನೇ ಮೇಲೆ ಹರಡಿ ಮಾರುತ್ತಿದ್ದ, ಅಡಿಯಲ್ಲಿ ಏನೂ ಇರಲಿಲ್ಲ. 'ಹೆಂಡ್ತಿ ಬಿಟ್ಟುಹೋದದ್ದು' ಮಾತ್ರ ಇದ್ದಲ್ಲೇ ಇತ್ತು, ಅಳು ಯಾವ ವಯಸ್ಸಿಗೂ ಅಳುವೇ. ಇಷ್ಟನ್ನೂ ಯಾರಿಗೆ ಹೇಳಲಿ? ಇಡೀ ಗೌರಿಬಿದನೂರಿನಲ್ಲಿ 'ಡಬ್ಬ' ಎರಡನೆಯ ಸ್ಥಾನಕ್ಕೆ ಏರಿದ್ದು ನನಗೊಬ್ಬಳಿಗೇ ಗೊತ್ತಿದ್ದ ಸುದ್ದಿ.

'ನುಂಗಿದ್ದು' ಕೊನೆಗಿರಲಿ ಎಂದು ಎತ್ತಿಟ್ಟುಕೊಂಡಿದ್ದೆ. ಒಂದು ಭಾನುವಾರ ಬೆಳಿಗ್ಗೆ ವಿದುರಾಶ್ವತ್ಥದ ಬಸ್ಸು ಹತ್ತಿದೆ. ನಾಗರಕಲ್ಲುಗಳ ಸಾಲಿನ ಪಕ್ಕ ನೆರಳು ನೋಡಿ ಕೂತು ಹಚ್ಚಿದೆ. ಮೊದಲ ನಾಲ್ಕೈದು ಹಾಡು ಸರಿಯಾಗಿಯೇ ಬಂದವು, ಅದೇ ಡ್ರಮ್ಮು, ಅದೇ ಬೆಂಕಿ. ಆಮೇಲೆ ಮೆತ್ತಗಾಗಬೇಕಿತ್ತು, ಆಗಲಿಲ್ಲ. ಅವನು ಕೂಗುತ್ತಲೇ ಹೋದ. ನಾನೆಂದೂ ಕೇಳದ ಹಾಡುಗಳನ್ನು ಕೂಗಿ ಆಲ್ಬಮ್ ಮುಗಿಸಿದ. ಹುಡುಕಾಡಿದೆ. ಮೆತ್ತಗಿನ ಹಾಡುಗಳೆಲ್ಲ ಬೇರೊಂದು ಆಲ್ಬಮ್ಮಿನಲ್ಲಿದ್ದವು. ಅದೂ ಎಷ್ಟೋ ವರ್ಷ ಮೊದಲಿನದು, ಮೀಸೆ ಬರುವ ಮುಂಚಿನದು. ಕೂಗಿ ಸುಸ್ತಾಗಿ ಮನೆಗೆ ಬಂದವನ ಹಾಡು ಅಲ್ಲ ಅದು. ಇನ್ನೂ ಮನೆ ಬಿಟ್ಟೇ ಇರದ ಹುಡುಗನದು. ಅಂಗಡಿಯವನ ಹತ್ತಿರ ಒಂದು ಆಲ್ಬಮ್ಮಿನ ಅರ್ಧ ಕೆಟ್ಟಿರಬೇಕು. ಖಾಲಿ ಬಿಟ್ಟರೆ ಮೋಸವಲ್ಲವೇ, ಇನ್ನೊಂದರ ಅರ್ಧ ತುಂಬಿ ಕೊಟ್ಟಿದ್ದ.

ಆದರೂ ನುಂಗಿದ ಸಾಲು ಅಲ್ಲಾದರೂ ಇರುತ್ತದಲ್ಲ ಎಂದು ಆ ಹಾಡು ಹಚ್ಚಿದೆ. ಕೊನೆಯ ಚರಣ ಬಂತು. ನಾನೇ ಕೈ ಎತ್ತಿದೆ, ಅಣ್ಣನ ಹಾಗೆ. ಅವನು ನಿಲ್ಲಲಿಲ್ಲ. ಸಾಲನ್ನು ಒಂದೇ ಉಸಿರಿಗೆ, ಏನೂ ಆಗದವನ ಹಾಗೆ ಹಾಡಿ ಮುಂದಕ್ಕೆ ಹೋದ. ಮತ್ತೆ ಹಾಕಿದೆ, ಮತ್ತೆ ಹೋದ. ಆಗ ಹೊಳೆಯಿತು. ಅಂಗಡಿಯಲ್ಲಿ ತುಂಬಿಸುವಾಗ ಕರೆಂಟು ಹೋಗಿದೆ. ಬಂದ ಮೇಲೆ ಅಂಗಡಿಯವನು ಮೂಲ ಕ್ಯಾಸೆಟ್ಟನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಅಲ್ಲಿಂದ ಮುಂದುವರಿಸಿದ್ದಾನೆ. ನುಂಗಿದ್ದು ಚಿಂತಾಮಣಿಯ ಕರೆಂಟು.

ಕಣ್ಣಲ್ಲಿ ನೀರು ಬಂದದ್ದು ನನಗೇ ಗೊತ್ತಾಗಲಿಲ್ಲ. ಮಕ್ಕಳಾಗಲೆಂದು ನಾಗರಕಲ್ಲು ಸುತ್ತಲು ಬರುವ ಜಾಗ ಅದು. ಸುತ್ತು ಹಾಕುತ್ತಿದ್ದ ಮುದುಕಿಯೊಬ್ಬಳು ನನ್ನ ಮುಂದೆ ನಿಂತು, "ಏಡವಕಮ್ಮಾ, ಅಳಬೇಡ. ದೇವ್ರು ಕೊಡ್ತಾನೆ, ಇನ್ನೂ ಕಾಲ ಮಿಂಚಿಲ್ಲ" ಎಂದಳು. ಐವತ್ತು ದಾಟಿದವಳಿಗೆ ಎಂಥ ಆಶೀರ್ವಾದ. ತಲೆಯಾಡಿಸಿ, "ಹೂಂ, ಹೌದೌದು" ಎಂದೆ. ಹಾಗಂದ ಮೇಲೆ ಅಣ್ಣ ಯಾಕೆ ಹಾಗನ್ನುತ್ತಾನೆಂದು ಗೊತ್ತಾಯಿತು. ಎಲ್ಲವನ್ನೂ ಬಿಡಿಸಿ ಹೇಳುವುದಕ್ಕಿಂತ ಅದು ಸುಲಭ.

ಆಮೇಲಿನ ತಿಂಗಳುಗಳಲ್ಲಿ ನನ್ನನ್ನು ತಿಂದದ್ದು ಒಂದೇ ಪ್ರಶ್ನೆ. ಅಣ್ಣನಿಗೆ ಹೇಳಬೇಕೇ? ಅವನಿಗೆ ಉಳಿದಿರುವುದು ತಲೆಯೊಳಗಿನ ಹಾಡು. ಅದರಲ್ಲೂ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡದ್ದು ಅದು. ಅಂಥದ್ದು ಇಲ್ಲವೇ ಇಲ್ಲ, ಅದು ಕರೆಂಟಿನವರ ಕಲೆ ಎಂದು ಹೇಳಿ ನಾನು ಸಾಧಿಸುವುದೇನು? ಹೇಳದಿದ್ದರೆ, ಈ ಲೋಕದಲ್ಲಿ ಇಬ್ಬರೇ ಕೇಳಿದ ಆಲ್ಬಮ್ಮನ್ನು ಕಳೆದುಕೊಂಡ ದುಃಖವನ್ನು ನಾನೊಬ್ಬಳೇ ಹೊತ್ತುಕೊಂಡು ತಿರುಗಬೇಕು. ನಿಜ ಹೇಳುತ್ತೇನೆ, ನನಗೆ ಅದು ಭಾರವಾಗಿತ್ತು.

ಈ ವರ್ಷದ ವರ್ಷತೊಡಕಿಗೆ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಾಯಿಸಿ ಶಿಡ್ಲಘಟ್ಟಕ್ಕೆ ಹೋದೆ. ಅಣ್ಣ ಬೆಳಿಗ್ಗೆಯೇ ಮಟನ್ ಅಂಗಡಿಯ ಕ್ಯೂನಲ್ಲಿ ನಿಂತು ಬಂದಿದ್ದ. ಊಟವಾಯಿತು. ಅತ್ತಿಗೆ ಒಳಗೆ ಪಾತ್ರೆ ತೊಳೆಯುತ್ತಿದ್ದರು, ನಾವು ಜಗಲಿಯಲ್ಲಿ ಕೂತೆವು. ಮೊದಲು ಸಣ್ಣದರಿಂದ ಶುರುಮಾಡಿದೆ.

"ಅಣ್ಣ, 'ಡಬ್ಬ' ಎರಡನೇದು" ಎಂದೆ.

"ಹೂಂ, ಹೌದೌದು" ಎಂದ.

ಅವನು ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆ ಸಿಟ್ಟಿನಲ್ಲಿಯೇ ಉಳಿದದ್ದೂ ಬಾಯಿಂದ ಬಂತು. ಅವನ ಕಡೆ ತಿರುಗಿ ಕೂತು, ಬೀದಿಗೆಲ್ಲ ಕೇಳುವ ಹಾಗೆ, "ಅವನು ನುಂಗಿಲ್ಲ ಅಣ್ಣ. ಆ ಸಾಲನ್ನ ಅವನು ನುಂಗಲೇ ಇಲ್ಲ" ಎಂದೆ.

"ಯಾರು ಏನು ನುಂಗಿದ್ರು?" ಎಂದು ಅತ್ತಿಗೆ ಒಳಗಿಂದ ಕೇಳಿದರು.

ಅಣ್ಣ ತಲೆಯಾಡಿಸಲಿಲ್ಲ. ಮಿಷನ್ನಿನ ಮೇಲೆ ಬೆರಳಿಟ್ಟು ಸರಿಮಾಡಿಕೊಂಡು, "ಇನ್ನೊಂದ್ಸಲ ಹೇಳು" ಎಂದ. ಎಲ್ಲ ಹೇಳಿದೆ. ಎರಡು ಆಲ್ಬಮ್ಮು, ಅರ್ಧ ಅರ್ಧ, ಕರೆಂಟು. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಹೇಳಿ ಮುಗಿಸುವಷ್ಟರಲ್ಲಿ ನನಗೆ, ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಅನ್ನಿಸಿತ್ತು.

"ಕರೆಂಟಾ?" ಎಂದ.

"ಹೂಂ. ಕರೆಂಟು."

ಆಮೇಲೆ, "ಹಂಗಾದ್ರೆ ಅದು ಈಗ ಎಲ್ಲೂ ಇಲ್ಲ. ನಿನ್ನ ಫೋನಲ್ಲೂ ಇಲ್ಲ" ಎಂದ.

"ಎಲ್ಲೂ ಇಲ್ಲ ಅಣ್ಣ."

"ಅಂದ್ರೆ ನಿಂಗೂ ಕೇಳ್ಸಲ್ಲ."

"ಇಲ್ಲ."

ಅವನ ಮುಖದಲ್ಲಿ ಏನೋ ಸಡಿಲವಾಯಿತು. ಕಿವಿ ಹೋದ ಮೇಲೆ ನನ್ನ ಮುಂದೆ ಅವನು ಅಷ್ಟು ನಿರಾಳವಾಗಿ ಕೂತದ್ದನ್ನು ನಾನು ನೋಡಿರಲಿಲ್ಲ. "ಅಲ್ಲಿಗೆ ಇಬ್ರೂ ಸಮ ಆದ್ವಿ ಕಣೇ" ಎಂದ. "ನಾನೊಬ್ನೇ ಅಂದ್ಕೊಂಡಿದ್ದೆ ಇಷ್ಟು ವರ್ಷ."

ಆಮೇಲೆ ಮಿಷನ್ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ತೊಡೆಯ ಮೇಲೆ ಬೆರಳಲ್ಲಿ ತಾಳ ಹಾಕುತ್ತಾ ಗುನುಗತೊಡಗಿದ. ಶ್ರುತಿ ಎಲ್ಲೆಲ್ಲೋ ಹೋಗುತ್ತಿತ್ತು, ತನ್ನ ದನಿ ತನಗೇ ಕೇಳದವನ ಹಾಡು. ಆದರೆ ಒಂದು ಹಾಡು ಮುಗಿದ ಮೇಲೆ ಯಾವುದು ಬರಬೇಕೋ ಅದೇ ಬರುತ್ತಿತ್ತು. ಕ್ಯಾಸೆಟ್ ತಿರುಗಿಸುವ ಜಾಗದಲ್ಲಿ ಅಂಗೈ ಮಗುಚಿದ. ದನಿ ಮೆತ್ತಗಾಯಿತು. ಕೊನೆಯ ಚರಣ ಬಂತು. ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದ. ಅರ್ಧ ಸಾಲು ಹಾಡಿ ನಿಲ್ಲಿಸಿದ. ಒಂದು ಉಸಿರು. ಮತ್ತೆ ಮೊದಲಿಂದ ಎತ್ತಿಕೊಂಡು ಪೂರ್ತಿ ಹೇಳಿದ. ವರ್ಷತೊಡಕಿನ ದಿನ ಅಳಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

ಮಿಷನ್ ಮತ್ತೆ ಹಾಕಿಕೊಂಡು, "ಎಷ್ಟನೇದು ಈಗ?" ಎಂದು ಕೇಳಿದ.

"ಒಂದನೇದೇ" ಎಂದೆ.

"ಸರಿ. ಮೊದಲು ಏನೋ ಅಂದ್ಯಲ್ಲ. 'ಡಬ್ಬ'ದ್ದು ಏನು?"

"ಎರಡನೇದು ಅಂದೆ."

"ತಲೆ ಕೆಟ್ಟಿದೆಯೇನೇ ನಿಂಗೆ?"

ನಾನು ಕಾರಣ ಹೇಳತೊಡಗಿದೆ, ಅವನು ಅರ್ಧಕ್ಕೇ ತಡೆದ, ನಾನು ದನಿ ಏರಿಸಿದೆ, ಅವನು ಇನ್ನೂ ಏರಿಸಿದ. ಅತ್ತಿಗೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. "ಇವತ್ತು ಜಗಳ ಆಡ್ಬೇಡ್ರಮ್ಮ. ವರ್ಷವೆಲ್ಲ ಆಡ್ತೀರ" ಎಂದರು.